ಹದಿನಾಲ್ಕರ ಚಂದ್ರ, ಮೂರು ಕಡ್ಡಿ ಮಜ್ಜಿಗೆಹುಲ್ಲು

ನಾಖಾಮ್ ಶಾಲೆಯ ಗುಮಾಸ್ತ ಸನಿತನ ಮಾನ ಹೋದದ್ದು ಮೂರು ಕಡ್ಡಿ ಮಜ್ಜಿಗೆಹುಲ್ಲಿನಿಂದ. ಸಾರಿಗೆ ಹಾಕುತ್ತೇವಲ್ಲ, ಹಿತ್ತಿಲಲ್ಲಿ ಕೇಳುವವರಿಲ್ಲದೆ ಬೆಳೆಯುತ್ತದಲ್ಲ, ಅದೇ ಹುಲ್ಲು. ಆ ಹುಲ್ಲಿನ ಏರ್ಪಾಡನ್ನು ಕಾರ್ಯಕ್ರಮದ ಪಟ್ಟಿಯಲ್ಲಿ ಟೈಪ್ ಮಾಡಿದವನೂ ಸನಿತನೇ, ಅದರ ಮುಂದೆ ತನ್ನ ಹೆಸರನ್ನೇ ಹಾಕಿಕೊಂಡವನೂ ಅವನೇ. ಹಾಗಾಗಿ ಬೇರೆ ಯಾರನ್ನೂ ಬೈಯುವ ಹಾಗಿಲ್ಲ.

ಸೆಪ್ಟೆಂಬರ್ ಕೊನೆ ಎಂದರೆ ನಮ್ಮಲ್ಲಿ ಸರಕಾರಿ ನೌಕರರೆಲ್ಲ ನಿವೃತ್ತರಾಗುವ ಕಾಲ. ಮಳೆ ಮಾತ್ರ ನಿವೃತ್ತಿಯಾಗುವುದಿಲ್ಲ. ಅಂಥ ಒಂದು ದಿನ ಹೆಡ್‌ಮಾಸ್ತರು ಪ್ರಮೋತ್ ಅವರ ಬೀಳ್ಕೊಡುಗೆ ಶಾಲೆಯ ಬಯಲಲ್ಲಿ ನಿಗದಿಯಾಗಿತ್ತು. ನಲವತ್ತು ದುಂಡು ಮೇಜು, ಒಂದು ವೇದಿಕೆ, ಥರ್ಮೋಕೋಲಿನಲ್ಲಿ ಕತ್ತರಿಸಿ ಅಂಟಿಸಿದ ಅವರ ಹೆಸರು, ಹಾಡುವವರಿಗೆ ಮೈಕು. ಸನಿತ್ ಹೊರಡಿಸಿದ ಸುತ್ತೋಲೆಯಲ್ಲಿ ಊಟದ ಉಪಸಮಿತಿ, ಹೂವಿನ ಉಪಸಮಿತಿ ಎಲ್ಲ ಆದ ಮೇಲೆ ಏಳನೆಯದಾಗಿ 'ಮಳೆ ನಿವಾರಣಾ ಉಪಸಮಿತಿ, ಸಂಚಾಲಕ: ಸನಿತ್' ಎಂದಿತ್ತು. ಇದರಲ್ಲಿ ತಮಾಷೆ ಏನೂ ಇಲ್ಲ. ಬಯಲಲ್ಲಿ ಸಮಾರಂಭ ಇಟ್ಟುಕೊಂಡವರು ಮಜ್ಜಿಗೆಹುಲ್ಲನ್ನು ತಲೆಕೆಳಗಾಗಿ ನೆಡಲೇಬೇಕು. ಎಲೆ ಮಣ್ಣಿಗೆ, ಬೇರು ಆಕಾಶಕ್ಕೆ. ನೆಟ್ಟರೆ ಮಳೆ ಬರುವುದಿಲ್ಲ.

ತೊಂದರೆ ಏನೆಂದರೆ, ಅವತ್ತು ಇಡೀ ಜಿಲ್ಲೆಯಲ್ಲಿ ಮಳೆ ಬೇಕೇಬೇಕು ಎಂದು ಹಂಬಲಿಸುತ್ತಿದ್ದ ಒಬ್ಬನೇ ಒಬ್ಬ ಮನುಷ್ಯನೆಂದರೆ ಮಳೆ ನಿವಾರಣಾ ಉಪಸಮಿತಿಯ ಸಂಚಾಲಕ.

ಸನಿತನಿಗೆ ನಲವತ್ತಾರು ವರ್ಷ. ಮದುವೆಯಾಗಿಲ್ಲ. ಹನ್ನೊಂದು ವರ್ಷದಿಂದ ಅವನು ಫೋಟೋ ತೆಗೆಯುತ್ತಿರುವುದು ಎರಡೇ ಎರಡರದ್ದು: ಚಂದ್ರ, ಕಾಮನಬಿಲ್ಲು. ಮನುಷ್ಯರ ಫೋಟೋ ತೆಗೆದರೆ ಹೊಟ್ಟೆ ಜಾಸ್ತಿ ಬಂತು, ಕೂದಲು ಕಮ್ಮಿ ಬಂತು ಎಂದು ತಕರಾರು ತೆಗೆಯುತ್ತಾರೆ, ಚಂದ್ರ ಏನೂ ಅನ್ನುವುದಿಲ್ಲ ಎಂಬುದು ಅವನ ವಾದ. ಚಂದ್ರನ ಪರವಾಗಿ ತಕರಾರು ತೆಗೆಯಲು ಊರಿನವರಿದ್ದರು. ಶಾಲೆಯ ಕ್ಯಾಂಟೀನು ನಡೆಸುವ ಕೇಸೋನ್ ದೊಡ್ಡಮ್ಮ ಅವನ ಅತ್ಯುತ್ತಮ ಹುಣ್ಣಿಮೆಯ ಚಿತ್ರವನ್ನು ಕನ್ನಡಕ ಏರಿಸಿ ನೋಡಿ, "ಮೊಟ್ಟೆ ಚೆನ್ನಾಗಿ ಬೆಂದಿದೆ. ಉಪ್ಪು ಹಾಕಿದ್ಯಾ?" ಎಂದಿದ್ದಳು. ಕಾಮನಬಿಲ್ಲುಗಳ ಗತಿ ಇನ್ನೂ ಕಷ್ಟ. ಅವನ ಪ್ರತಿಯೊಂದು ಕಾಮನಬಿಲ್ಲಿನ ನಡುವೆಯೂ ಕರೆಂಟು ತಂತಿ ಹಾದುಹೋಗಿ, ಅದು ಒಣಹಾಕಿದ ಬಟ್ಟೆಯ ಹಾಗೆ ಕಾಣುತ್ತಿತ್ತು.

ಅವನಿಗಿದ್ದದ್ದು ಒಂದೇ ಆಸೆ. ಸಹಕಾರ ಸಂಘದವರು ಪ್ರತಿ ವರ್ಷ ಒಂದು ಕ್ಯಾಲೆಂಡರ್ ಹಂಚುತ್ತಾರೆ. ಸುತ್ತಲ ಹನ್ನೆರಡು ಊರುಗಳಲ್ಲಿ ಅದು ಇಲ್ಲದ ಗೋಡೆ ಇಲ್ಲ. ಅದರ ಮುಖಪುಟದಲ್ಲಿ ತನ್ನದೊಂದು ಚಿತ್ರ ಬರಬೇಕು, ಕೆಳಗೆ ಸಣ್ಣ ಅಕ್ಷರದಲ್ಲಿ 'ಛಾಯಾಗ್ರಹಣ: ಸನಿತ್' ಎಂದಿರಬೇಕು. ಕಳೆದ ವರ್ಷ ಸಂಘದ ಮ್ಯಾನೇಜರ್ ಥವೀ ಅವನ ಚಂದ್ರನನ್ನು ವಾಪಸು ಕೊಟ್ಟು, ತನ್ನ ಸ್ವಂತ ಎಮ್ಮೆಯ ಫೋಟೋ ಹಾಕಿಬಿಟ್ಟಿದ್ದ.

"ಚಂದ್ರ ತಿಂಗಳಾ ತಿಂಗಳಾ ಬರ್ತಾನೆ ಕಣಪ್ಪ. ಅವನನ್ನ ಗೋಡೆಗೆ ಯಾಕೆ ಹಾಕ್ಬೇಕು? ಕಿಟಕಿ ತೆಗೆದ್ರೆ ಆಯ್ತು," ಎಂದಿದ್ದ ಥವೀ. "ಕಾಮನಬಿಲ್ಲಿನ ಒಳಗೆ ಚಂದ್ರ ಕೂತಿರೋ ಹಂಗೆ ಒಂದು ತಗೊಂಬಾ. ಅವತ್ತೇ ಎಮ್ಮೇನ ಇಳಿಸ್ತೀನಿ."

ಥವೀ ಅದನ್ನು ಅಣಕಿಸಲು ಹೇಳಿದ್ದ. ಸನಿತ್ ಅದನ್ನು ತಲೆಗೆ ಹಾಕಿಕೊಂಡ. ಗಣಿತದ ನಿರಮೋನ್ ಟೀಚರ್ ಹತ್ತಿರ ಹೋಗಿ, ಹೀಗೊಂದು ಆಗುವುದುಂಟೇ ಎಂದು ಕೇಳಿದ. ನಿರಮೋನ್ ಟೀಚರ್‌ಗೆ ಮೂವತ್ತೊಂಬತ್ತು, ಒಂಟಿ, ಮಾತು ಕಡಿಮೆ. ಆಕೆ ವರಾಂಡದಲ್ಲಿ ಬರುತ್ತಿದ್ದರೆ ಹೆಡ್‌ಮಾಸ್ತರೇ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಆಕೆ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಬರೆದು ತೋರಿಸಿದಳು.

"ಸೂರ್ಯ ಪಶ್ಚಿಮದಲ್ಲಿ ಮುಳುಗ್ತಾ ಇರ್ಬೇಕು. ಆಗ ಕಾಮನಬಿಲ್ಲು ಪೂರ್ವದಲ್ಲಿ ದೊಡ್ಡ ಕಮಾನಿನ ಹಾಗೆ ನಿಲ್ಲತ್ತೆ. ಹುಣ್ಣಿಮೆಯ ಹಿಂದಿನ ದಿನ ಚಂದ್ರ ಏಳೋದೂ ಸರಿಯಾಗಿ ಅಲ್ಲೇ, ಆ ಕಮಾನಿನ ಕೆಳಗೆ. ಅದಕ್ಕೆ ಸ್ವಲ್ಪ ಮುಂಚೆ ಮಳೆ ಬಂದು ನಿಂತಿರ್ಬೇಕು ಅಷ್ಟೆ. ಒಂದು ಮಾತು ನೆನಪಿಟ್ಕೊಳ್ಳಿ. ಸೂರ್ಯ ನಿಮ್ಮ ಮುಖಕ್ಕೆ ಹೊಡೀತಾ ಇದ್ರೆ, ಕಾಮನಬಿಲ್ಲು ಯಾವಾಗ್ಲೂ ನಿಮ್ಮ ಬೆನ್ನ ಹಿಂದೆ ಇರತ್ತೆ."

"ಅಷ್ಟು ಗೊತ್ತು ಟೀಚರ್. ಹನ್ನೊಂದು ವರ್ಷದ ಅನುಭವ," ಎಂದು ಸನಿತ್ ನಕ್ಕಿದ್ದ.

ಬೀಳ್ಕೊಡುಗೆಯ ದಿನವೇ ಹುಣ್ಣಿಮೆಯ ಹಿಂದಿನ ದಿನ. ಕ್ಯಾಲೆಂಡರ್ ಮುದ್ರಣಕ್ಕೆ ಹೋಗುವುದು ಮಾರನೆಯ ಬೆಳಿಗ್ಗೆ. ಸನಿತ್ ಬೆಳಗಾಗುತ್ತಲೇ ಶಾಲೆಯ ನೀರಿನ ತೊಟ್ಟಿಯ ಮೇಲೆ ಹತ್ತಿ, ಒಂದು ತಂತಿಯೂ ಅಡ್ಡ ಬಾರದ ಜಾಗ ನೋಡಿ, ಪೂರ್ವದ ಗುಡ್ಡಕ್ಕೆ ಗುರಿಯಿಟ್ಟು ಕ್ಯಾಮರಾ ನಿಲ್ಲಿಸಿ ಪ್ಲಾಸ್ಟಿಕ್ ಹೊದಿಸಿ ಬಂದ. ಎಲ್ಲ ಸಿದ್ಧ. ಒಂದೇ ಒಂದು ಗಂಟೆ ಮಳೆ ಬರಬೇಕು.

ಕ್ಯಾಂಟೀನಿನಲ್ಲಿ ಕೇಸೋನ್ ದೊಡ್ಡಮ್ಮ ಜಿಗುಟನ್ನದ ಬುಟ್ಟಿ ಮುಂದಿಟ್ಟು ತಕರಾರು ಶುರುಮಾಡಿದಳು.

"ಏ ಸನಿತ್, ಹುಲ್ಲು ಎಲ್ಲಿ? ಯಾರು ನೆಡ್ತಾರೆ? ಗಂಡಿನ ಸಹವಾಸ ಕಾಣದ ಕೈಯೇ ಆಗ್ಬೇಕು, ನೆನಪಿರಲಿ. ಇಲ್ದಿದ್ರೆ ಹುಲ್ಲು ಕೇಳಲ್ಲ."

"ಗಂಡಸರು ನೆಟ್ರೆ ನಡಿಯಲ್ವಾ ದೊಡ್ಡಮ್ಮ?" ಎಂದ ಥವೀ, ಸುಟ್ಟ ಕೋಳಿಯ ಕಾಲು ಹಿಡಿದುಕೊಂಡೇ.

"ನಡೀತದೆ. ಹುಲ್ಲಿಗೆ ಗಂಡು ಹೆಣ್ಣು ಅಂತ ಇಲ್ಲ. ಕೈ ಶುದ್ಧ ಇರ್ಬೇಕು. ಆದ್ರೆ ಮೀಸೆ ಬಂದ ಮೇಲೆ ಅಂಥವನು ಈ ಜಿಲ್ಲೆಲಿ ಎಲ್ಲಿ ಸಿಗ್ತಾನೆ?"

ಕ್ಯಾಂಟೀನು ಪೂರ್ತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸನಿತ್. ನಕ್ಕದ್ದಲ್ಲದೆ, ತಾನು ಸಿಪಾಯಿಯಾಗಿ ದೂರದ ಪಟ್ಟಣ ಚಿಯಾಂಗ್ ಮಾಯ್‌ನಲ್ಲಿದ್ದಾಗ ಹೂವಿನಂಗಡಿಯ ಹುಡುಗಿಯೊಬ್ಬಳು ತನಗಾಗಿ ಎರಡು ದಿನ ಊಟ ಬಿಟ್ಟ ಕತೆಯನ್ನು ಇನ್ನೊಂದು ಸಲ ಹೇಳಿದ. ಹಿಂದಿನ ಸಲ ಹೇಳಿದಾಗ ಒಂದೇ ದಿನ ಊಟ ಬಿಟ್ಟಿದ್ದಳು.

ಹುಲ್ಲು ನೆಡುವ ಕೆಲಸ ಎಂದಿನಂತೆ ನಿರಮೋನ್ ಟೀಚರ್ ತಲೆಗೇ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಆಕೆ ಮೂರು ಕಡ್ಡಿ ಹಿಡಿದು ಬಯಲಿನ ಪೂರ್ವದ ತುದಿಯ ಬಾವುಟದ ಕಟ್ಟೆಯ ಹತ್ತಿರ ಬಂದಳು. ಹಿಂದೆ ಊರಿಗೆ ಊರೇ ಬಂತು.

"ಗಣಿತದಲ್ಲಿ ಎಂ.ಎಸ್ಸಿ. ಮಾಡಿದ್ದೀನಿ. ಈ ಊರಿನವರು ನನ್ನನ್ನ ಕರೆಯೋದು ಮಾತ್ರ ಇದಕ್ಕೆ," ಎಂದು ಸನಿತನಿಗಷ್ಟೇ ಕೇಳುವಂತೆ ಅಂದು, ಜೇಬಿನಿಂದ ಅಳತೆಪಟ್ಟಿ ತೆಗೆದು, ಮೂರು ಕಡ್ಡಿಗಳನ್ನು ಸಮ ದೂರದಲ್ಲಿ ತಲೆಕೆಳಗಾಗಿ ನೆಟ್ಟು, ಕೈ ಒರಸಿಕೊಂಡು ಹೊರಟುಹೋದಳು.

ಸನಿತನಿಗೆ ಹುಲ್ಲಿನಲ್ಲಿ ನಂಬಿಕೆಯಿರಲಿಲ್ಲ. ವಿಜ್ಞಾನದ ಮನುಷ್ಯ ತಾನು ಎಂದು ಅವನ ಎಣಿಕೆ. ಆದರೆ ಮೂರು ಗಂಟೆಗೆ ಗುಡ್ಡದ ಆಚೆಯಿಂದ ಕಪ್ಪು ಮೋಡ ಎದ್ದಿತು. ಭತ್ತದ ಗದ್ದೆ ದಾಟಿ ಬಂತು, ಶಾಲೆಯ ಬೇಲಿಯ ಹತ್ತಿರ ಬಂತು, ಅಲ್ಲಿ ನಿಂತುಬಿಟ್ಟಿತು. ಹತ್ತು ನಿಮಿಷ ನಿಂತಿತು. ಆಮೇಲೆ ಹೊರಟುಹೋಗುವ ಲಕ್ಷಣ ತೋರಿಸಿತು. ನಂಬಿಕೆ ಇಲ್ಲ ಸರಿ, ಆದರೆ ಸುಮ್ಮನೆ ಅಡ್ಡಿ ಯಾಕೆ ಇರಬೇಕು? ಜನ ಮೇಜಿಗೆ ಬಟ್ಟೆ ಹಾಸುವ ಗಡಿಬಿಡಿಯಲ್ಲಿದ್ದರು. ಅವನು ಕಟ್ಟೆಯ ಹತ್ತಿರ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುವವನ ಹಾಗೆ ಮಾಡಿ, ಮೂರೂ ಕಡ್ಡಿ ಕಿತ್ತು ಕ್ಯಾಮರಾ ಚೀಲಕ್ಕೆ ತುರುಕಿದ. ಕಾಲಲ್ಲಿದ್ದದ್ದು ಚಪ್ಪಲಿ ಎಂಬುದು ಯಾರಿಗೂ ಹೊಳೆಯಲಿಲ್ಲ.

ನಾಲ್ಕೂಕಾಲಿಗೆ ಮಳೆ ಬಂತು. ಹನಿ ಹಾಕಿ, ಗಾಳಿ ಬೀಸಿ, ಎಚ್ಚರಿಕೆ ಕೊಟ್ಟು ಬರುವ ಮಳೆ ಅಲ್ಲ. ಒಂದೇ ಸಲಕ್ಕೆ ಯಾರೋ ಆಕಾಶವನ್ನು ಮಗುಚಿ ಹಾಕಿದ ಹಾಗೆ. ಮುನ್ನೂರು ಜನ ಬಯಲಿನ ಪಶ್ಚಿಮದ ಕ್ಯಾಂಟೀನಿಗೆ ಓಡಿ ಬಂದು ಒಬ್ಬರ ಮೇಲೊಬ್ಬರು ನಿಂತರು. ಹಾಡುವ ಮೈಕನ್ನು ಹೆಡ್‌ಮಾಸ್ತರೇ ಮಗುವಿನಂತೆ ಎತ್ತಿಕೊಂಡು ತಂದರು. ವೇದಿಕೆಯ ಮೇಲಿದ್ದ ಅವರ ಹೆಸರಿನ ಅಕ್ಷರಗಳು ಒಂದೊಂದೇ ಕಳಚಿ ಬಿದ್ದು ಮೋರಿಯ ಕಡೆಗೆ ತೇಲಿಹೋದವು. ತಮ್ಮ ಹೆಸರು ಹೋಗುವುದನ್ನು ಅವರು ಶಾಂತವಾಗಿ ನೋಡಿದರು. ಮೂವತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಅಷ್ಟು ಸಹನೆ ಬಂದೇ ಬರುತ್ತದೆ.

ಸನಿತನಿಗೆ ಮೈಯೆಲ್ಲ ಹಿಗ್ಗು. ಇನ್ನೊಂದು ಗಂಟೆ ಸುರಿದು ಐದೂವರೆಗೆ ನಿಂತರೆ ಲೆಕ್ಕ ಪಕ್ಕಾ. ಆ ಹಿಗ್ಗಿನಲ್ಲಿ ಅವನು ಹೆಡ್‌ಮಾಸ್ತರಿಗೆ, ಶಿಕ್ಷಕರೆಲ್ಲ ಸೇರಿ ಅವರಿಗೆ ಕೊಟ್ಟಿದ್ದ ಹೊಸ ಫೋನಿನಲ್ಲಿ ಫೋಟೋ ತೆಗೆಯುವುದನ್ನು ಹೇಳಿಕೊಟ್ಟ.

"ಎರಡು ಕೈಲೂ ಹಿಡೀರಿ ಸಾರ್. ನಡುವೆ ಒಬ್ಬ ಮನುಷ್ಯ ಇದ್ರೆ ಚಿತ್ರಕ್ಕೆ ಜೀವ. ಮುಖ್ಯವಾಗಿ ಅವನು ಅಲ್ಲಾಡಬಾರದು. ಅಲ್ಲಾಡಬೇಡ ಅಂತ ಗಟ್ಟಿಯಾಗಿ ಕೂಗಿ, ಸಂಕೋಚ ಬೇಡ."

"ಅಲ್ಲಾಡಬೇಡ," ಎಂದು ಹೆಡ್‌ಮಾಸ್ತರು ಮೆಲ್ಲಗೆ ಅಭ್ಯಾಸ ಮಾಡಿಕೊಂಡರು.

ಅಷ್ಟರಲ್ಲಿ ಕ್ಯಾಂಟೀನಿನ ಇನ್ನೊಂದು ಮೂಲೆಯಲ್ಲಿ ಪಿಸುಮಾತು ಎದ್ದಿತ್ತು. ಹುಲ್ಲು ನೆಟ್ಟರೂ ಮಳೆ ಬಂತು. ಅಂದರೆ ನೆಟ್ಟ ಕೈ? ಮುನ್ನೂರು ಜೊತೆ ಕಣ್ಣು ನಿರಮೋನ್ ಟೀಚರ್ ಕಡೆ ಹೋಗಿ, ಆಕೆ ನೋಡಿದಾಗ ಚಾವಣಿಯ ಕಡೆ ಹೋಗುತ್ತಿದ್ದವು. ಆಕೆ ಕಂಬಕ್ಕೆ ಒರಗಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅವತ್ತು ಯಾವ ಮಗುವಿಗೂ ಐದಕ್ಕಿಂತ ಹೆಚ್ಚು ಅಂಕ ಬೀಳಲಿಲ್ಲ.

"ಟೀಚರ್..." ಎಂದು ಕೇಸೋನ್ ದೊಡ್ಡಮ್ಮ ಸಕ್ಕರೆಯಂಥ ದನಿಯಲ್ಲಿ ಹತ್ತಿರ ಹೋದಳು. "ಹುಲ್ಲು ಸರಿಯಾಗೇ ನೆಟ್ರಲ್ವಾ?"

"ಸಮಬಾಹು ತ್ರಿಕೋನದಲ್ಲಿ ನೆಟ್ಟಿದ್ದೀನಿ."

"ತ್ರಿಕೋನದ್ದು ಯಾರು ಕೇಳಿದ್ರು ಟೀಚರ್?"

ನಿರಮೋನ್ ಟೀಚರ್ ತಲೆ ಎತ್ತಲಿಲ್ಲ. ಆದರೆ ಕೆಂಪು ಪೆನ್ನು ಒಂದು ಕ್ಷಣ ನಿಂತಿತು. ದೂರದಿಂದ ನೋಡಿದ ಸನಿತನ ಹಿಗ್ಗು ಅಲ್ಲೇ ತಣ್ಣಗಾಯಿತು. ಚಂದ್ರ ಎಲ್ಲಿ ಏಳುತ್ತಾನೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದ ಕೈ ಅದು. ಛೆ, ಎಂದುಕೊಂಡ. ಫೋಟೋ ಒಂದು ಆಗಿಬಿಡಲಿ, ಆಮೇಲೆ ಹೇಗಾದರೂ ಸರಿಮಾಡೋಣ ಎಂದೂ ಅಂದುಕೊಂಡ.

ಐದೂವರೆ ಆಯಿತು. ಮಳೆ ನಿಲ್ಲಲಿಲ್ಲ. ಐದೂ ನಲವತ್ತು. ಇನ್ನೂ ಜೋರಾಯಿತು. ಇನ್ನರ್ಧ ಗಂಟೆಯಲ್ಲಿ ಸೂರ್ಯ ಮುಳುಗಿದರೆ ಕಾಮನಬಿಲ್ಲೂ ಇಲ್ಲ, ಕ್ಯಾಲೆಂಡರೂ ಇಲ್ಲ, ಇನ್ನೊಂದು ವರ್ಷ ಗೋಡೆಯ ಮೇಲೆ ಎಮ್ಮೆ. ಸನಿತ್ ಕೈ ಕೈ ಹಿಸುಕಿಕೊಂಡ. ಚೀಲದಲ್ಲಿದ್ದ ಹುಲ್ಲು ಘಮ್ಮೆಂದು ವಾಸನೆ ಬಿಡುತ್ತಿತ್ತು. ವಿಜ್ಞಾನದ ಮನುಷ್ಯ ಐದೂ ನಲವತ್ತೈದರವರೆಗೆ ತಡೆದುಕೊಂಡ. ಆಮೇಲೆ ಚೀಲ ತಲೆಯ ಮೇಲಿಟ್ಟುಕೊಂಡು ಮಳೆಯಲ್ಲಿ ಬಾವುಟದ ಕಟ್ಟೆಯ ಕಡೆಗೆ ಓಡಿದ.

ಯಾರಾದರೂ ನೋಡುತ್ತಾರೆಂದು ಅವನು ಕಟ್ಟೆಯ ಆಚೆ ಬದಿಗೆ ಕೂತ. ಅಲ್ಲಿಂದ ಕ್ಯಾಂಟೀನಿನ ಕಡೆಗೇ ಕಣ್ಣಿಟ್ಟು, ಕೆಸರಿನಲ್ಲಿ ಮಂಡಿಯೂರಿ, ಎರಡು ಕಡ್ಡಿಗಳನ್ನು ತಲೆಕೆಳಗಾಗಿ ಚುಚ್ಚಿದ. ಮೂರನೆಯದು ಕೈಯಲ್ಲೇ ಇತ್ತು.

ಮಳೆ ನಿಂತಿತು.

ಕಡಿಮೆಯಾಗಿ ನಿಂತದ್ದಲ್ಲ. ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಕ್ಯಾಂಟೀನಿನ ತಗಡಿನ ಚಾವಣಿಯ ಮೇಲಿಂದ ಸೂರ್ಯ ಇಣುಕಿ, ಬಿಸಿಲು ಸನಿತನ ಮುಖಕ್ಕೆ ಹೊಡೆಯಿತು. ಅವನು ಖುಷಿಯಿಂದ ಎದ್ದ. ಇನ್ನೇನು ನೀರಿನ ತೊಟ್ಟಿಯ ಕಡೆಗೆ ಓಡಬೇಕು, ಆಗ ಬಯಲೆಲ್ಲ ಗುಡುಗುವಂತೆ ಮೈಕಿನಲ್ಲಿ ಹೆಡ್‌ಮಾಸ್ತರ ದನಿ ಬಂತು:

"ಸನಿತ್! ಅಲ್ಲಾಡಬೇಡ! ಅಲ್ಲೇ ನಿಲ್ಲು!"

ಇಪ್ಪತ್ತೆರಡು ವರ್ಷ ಆ ದನಿಗೆ ಎದ್ದು ಕೂತ ಕಾಲುಗಳು ಅಲ್ಲಾಡಲಿಲ್ಲ. ಸನಿತ್ ಕಣ್ಣು ಕಿರಿದು ಮಾಡಿ ನೋಡಿದ. ಮುನ್ನೂರು ಜನ ಕ್ಯಾಂಟೀನಿನಿಂದ ಹೊರಗೆ ಬಂದು ಸಾಲಾಗಿ ನಿಂತಿದ್ದರು. ಮುನ್ನೂರು ಜನರೂ ಗದ್ದ ಎತ್ತಿ ಅವನ ಕಡೆಗೇ ತೋರಿಸುತ್ತಿದ್ದರು.

ನಮ್ಮೂರಿನಲ್ಲಿ ಕಾಮನಬಿಲ್ಲಿಗಾಗಲಿ ಚಂದ್ರನಿಗಾಗಲಿ ಬೆರಳು ತೋರಿಸುವವರು ಯಾರೂ ಇಲ್ಲ. ಕಾಮನಬಿಲ್ಲಿಗೆ ತೋರಿಸಿದರೆ ಬೆರಳು ಕೊಳೆಯುತ್ತದೆ, ಚಂದ್ರನಿಗೆ ತೋರಿಸಿದರೆ ಕಿವಿ ಹರಿಯುತ್ತದೆ. ಎರಡೂ ಒಟ್ಟಿಗೆ ಬಂದರೆ ಏನೇನು ಹೋಗುತ್ತದೋ ಯಾರಿಗೆ ಗೊತ್ತು. ಅಂಥದ್ದಕ್ಕೆಲ್ಲ ಗದ್ದ ಎತ್ತಿ ತೋರಿಸುವುದೇ ನಮ್ಮ ರೂಢಿ. ಇದು ಸನಿತನಿಗೂ ಚೆನ್ನಾಗಿ ಗೊತ್ತು. ಆದರೆ ಕೈಯಲ್ಲಿ ಕದ್ದ ಮಾಲು ಹಿಡಿದು ನಿಂತವನಿಗೆ ಲೋಕದ ಗದ್ದಗಳೆಲ್ಲ ತನ್ನ ಕಡೆಗೇ ತಿರುಗಿದ ಹಾಗೆ ಕಾಣುತ್ತವೆ.

ಸಿಕ್ಕಿಬಿದ್ದೆ, ಎಂದುಕೊಂಡ ಸನಿತ್. ಸಾಲಿನ ಕೊನೆಯಲ್ಲಿ ನಿರಮೋನ್ ಟೀಚರ್ ಕಂಡಳು. ಆಗ ಅವನಿಗೆ ಎಲ್ಲಿಂದಲೋ ಧೈರ್ಯ ಬಂತು.

"ಸಾರ್! ನಾನೇ ಒಪ್ಕೊಂಡ್ಬಿಡ್ತೀನಿ!" ಎಂದು ಹುಲ್ಲು ಹಿಡಿದ ಕೈ ಮೇಲಕ್ಕೆತ್ತಿ ಕೂಗಿದ. "ಟೀಚರ್‌ದು ಏನೂ ತಪ್ಪಿಲ್ಲ! ಅವರು ನೆಟ್ಟ ಹುಲ್ಲು ಕಿತ್ತಿದ್ದು ನಾನು! ಮೂರು ಗಂಟೆಗೆ ಕಿತ್ತೆ! ನನ್ನ ಫೋಟೋದ ಹುಚ್ಚಿಗೆ ಕಿತ್ತೆ!"

ಜನ ಬಾಯಿ ತೆರೆದು ನೋಡುತ್ತಲೇ ಇದ್ದರು. ಕೆಲವು ಹೆಂಗಸರು ಕೈ ಮುಗಿದರು. ಒಬ್ಬ ಮುದುಕ ಕಣ್ಣೊರಸಿಕೊಂಡ. ತನ್ನ ಪ್ರಾಮಾಣಿಕತೆಗೆ ಇಷ್ಟು ಬೆಲೆ ಇರುತ್ತದೆಂದು ಸನಿತನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹುರುಪು ಬಂದು ಅವನು ಮುಂದುವರಿಸಿದ.

"ಟೀಚರ್ ಅಂಥವರು ಈ ಶಾಲೇಲಿ ಇರೋದು ನಮ್ಮ ಪುಣ್ಯ! ಅವರ ಬಗ್ಗೆ ಪಿಸಪಿಸ ಅಂದವರು ನಾಚ್ಕೊಬೇಕು! ಕೇಸೋನ್ ದೊಡ್ಡಮ್ಮ, ನಿನಗೇ ಹೇಳ್ತಿರೋದು! ನಾನು ಕಿತ್ತೆ, ಮಳೆ ಬಂತು. ನಾನೇ ಮತ್ತೆ ನೆಟ್ಟೆ, ಮಳೆ ನಿಂತ್ತು. ಎಲ್ಲ ನನ್ನದೇ!"

ನಿರಮೋನ್ ಟೀಚರ್ ಮಾತ್ರ ಏನೋ ಹೇಳಲು ಕೈ ಬೀಸುತ್ತಿದ್ದಳು. ಕೃತಜ್ಞತೆ ಹೇಳುತ್ತಿದ್ದಾಳೆ ಎಂದು ಸನಿತ್ ವಿನಯದಿಂದ ತಲೆಯಾಡಿಸಿದ. ಹೀಗೆ ಮೂರು ನಿಮಿಷ ಮಾತಾಡಿದ. ಅವನ ಬಾಳಿನಲ್ಲೇ ಅದು ಅತ್ಯಂತ ಉದ್ದದ ಭಾಷಣ. ಮುಗಿಯುವ ಹೊತ್ತಿಗೆ ಸೂರ್ಯ ಮೋಡದ ಹಿಂದೆ ಹೋದ. ಜನ "ಅಯ್ಯೋ, ಹೋಯ್ತು" ಎಂದು ಉಸಿರುಬಿಟ್ಟು ಗದ್ದ ಇಳಿಸಿದರು.

"ಏನು ಹೋಯ್ತು?" ಎಂದ ಸನಿತ್.

"ಹಿಂದೆ ನೋಡ್ರೀ!" ಎಂದಳು ನಿರಮೋನ್ ಟೀಚರ್. ಆಕೆ ಮೂರು ನಿಮಿಷದಿಂದ ಹೇಳುತ್ತಿದ್ದದ್ದೂ ಅದನ್ನೇ.

ಸನಿತ್ ತಿರುಗಿ ನೋಡಿದ. ಗುಡ್ಡದ ಮೇಲೆ ಬಣ್ಣದ ಒಂದು ತುಣುಕು ಕೊನೆಯ ಸಲ ಮಿನುಗಿ ಕರಗಿತು. ಚಂದ್ರನ ಮುಂದೆ ಮೋಡ ಎಳೆದುಕೊಂಡಿತು.

ಅಳುವುದಕ್ಕೆ ಸಮಯ ಸಿಗಲಿಲ್ಲ. ಕೇಸೋನ್ ದೊಡ್ಡಮ್ಮ ಉಟ್ಟ ಬಟ್ಟೆ ಎತ್ತಿಕಟ್ಟಿಕೊಂಡು ಕೆಸರಿನಲ್ಲಿ ಬಂದೇಬಿಟ್ಟಳು. ಹಿಂದೆ ಜನ.

"ತಡಿ ತಡಿ. ಕಾಮನಬಿಲ್ಲು ನೋಡೋ ಗಡಿಬಿಡಿಲಿ ಅರ್ಧ ಕೇಳಿಸ್ಲಿಲ್ಲ. ಟೀಚರ್ ನೆಟ್ಟಿದ್ದು ನೀನು ಕಿತ್ತೆ, ಮಳೆ ಬಂತು."

"ಹೌದು ದೊಡ್ಡಮ್ಮ."

"ಅಂದ್ರೆ ಟೀಚರ್ ಕೈ ಶುದ್ಧ. ಕ್ಷಮಿಸಿ ಟೀಚರ್. ಆಮೇಲೆ ಪುನಃ ನೆಟ್ಟ ಕೂಡ್ಲೇ ಮಳೆ ನಿಂತ್ತು."

"ಹೌದು."

"ನೆಟ್ಟಿದ್ದು ಯಾರು?"

ಮೊದಲು ಹೊಳೆದದ್ದು ಥವೀಗೆ. "ಅಲ್ಲಯ್ಯ," ಎಂದ ಅವನು ಬೆರಗಿನಿಂದ, "ಚಿಯಾಂಗ್ ಮಾಯ್‌ನ ಹೂವಿನಂಗಡಿಯವಳು?"

ಸನಿತನಿಗೆ ಒಂದು ದಾರಿ ಇತ್ತು. ಹುಲ್ಲಿಗೂ ಮಳೆಗೂ ಸಂಬಂಧವೇ ಇಲ್ಲ, ಅದು ತಾನಾಗಿ ಬಂದು ತಾನಾಗಿ ನಿಂತಿತು ಎಂದುಬಿಡಬಹುದಿತ್ತು. ಆ ಮಾತನ್ನು ಈ ಊರು ನಂಬುವುದಿಲ್ಲ. ಅವನ ಕೈ ಶುದ್ಧವಲ್ಲದಿದ್ದರೂ ಮಳೆ ನಿಂತಿತು ಎಂದಾದರೆ ಹುಲ್ಲಿನ ಸಾಕ್ಷಿಯೇ ಬಿದ್ದುಹೋಗುತ್ತದೆ, ಪಿಸುಮಾತು ಪುನಃ ಟೀಚರ್ ಒರಗಿದ್ದ ಕಂಬದ ಹತ್ತಿರಕ್ಕೇ ಹೋಗುತ್ತದೆ. ಅವನು ನಿರಮೋನ್ ಟೀಚರ್ ಮುಖ ನೋಡಿದ. ಆಕೆ ಕೈಕಟ್ಟಿ ನಿಂತಿದ್ದಳು, ಬೋರ್ಡಿನ ಮುಂದೆ ಲೆಕ್ಕದ ಕೊನೆಯ ಸಾಲಿನಲ್ಲಿ ತಡವರಿಸುವ ಹುಡುಗನನ್ನು ನೋಡುವ ಹಾಗೆ.

"ಹೂವಿನಂಗಡಿಗೆ ಹೋಗಿದ್ದು ನಿಜ," ಎಂದ ಸನಿತ್, ಹುಲ್ಲಿನ ಕಡ್ಡಿಯನ್ನು ಬೆರಳಲ್ಲಿ ಸುತ್ತುತ್ತ. "ಒಂದು ಸಲ. ಬುದ್ಧನಿಗೆ ಇಡೋಕೆ ತಾವರೆ ತಗೊಂಡೆ. ಚಿಲ್ಲರೆ ಕೊಟ್ಳು. ಬಂದೆ."

ನಗು ಎದ್ದಿತು ನೋಡಿ, ಗುಡ್ಡಕ್ಕೆ ಬಡಿದು ವಾಪಸು ಬಂತು. ಥವೀ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡ. ಕೇಸೋನ್ ದೊಡ್ಡಮ್ಮ ಮಾತ್ರ ನಗಲಿಲ್ಲ. ಗದ್ದೆಯಲ್ಲಿ ನಿಧಿ ಸಿಕ್ಕವಳ ಹಾಗೆ ಸನಿತನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು. "ಇಂಥ ಕೈ! ಇಷ್ಟು ವರ್ಷ ಟೈಪು ಹೊಡೆದು ಹಾಳಾಯ್ತಲ್ಲ!"

ಅಷ್ಟರಲ್ಲಿ ಹೆಡ್‌ಮಾಸ್ತರು ಹೊಸ ಫೋನು ಹಿಡಿದು ಬಂದರು. ಮುಖದಲ್ಲಿ ಮಗುವಿನ ಖುಷಿ.

"ನೋಡು ಸನಿತ್. ನೀನು ಹೇಳಿಕೊಟ್ಟ ಹಾಗೇ ತೆಗೆದೆ. ಎರಡೂ ಕೈಲಿ ಹಿಡಿದೆ. ನಡುವೆ ಒಬ್ಬ ಮನುಷ್ಯ. ಅಲ್ಲಾಡಬೇಡ ಅಂದೆ, ನೀನೂ ಅಲ್ಲಾಡ್ಲಿಲ್ಲ."

ಸನಿತ್ ನೋಡಿದ. ಗುಡ್ಡದಿಂದ ಗುಡ್ಡಕ್ಕೆ ಪೂರ್ತಿ ಕಮಾನು. ಒಂದು ತಂತಿಯೂ ಇಲ್ಲ. ಕಮಾನಿನ ಕೆಳಗೆ, ಬೋರ್ಡಿನ ಮೇಲೆ ಟೀಚರ್ ಗುರುತು ಹಾಕಿದ್ದ ಜಾಗದಲ್ಲೇ, ತುಂಬಿದ ಕಿತ್ತಳೆ ಬಣ್ಣದ ಚಂದ್ರ. ಒಂದು ವರ್ಷದಿಂದ ಕನಸಿನಲ್ಲಿ ಕಂಡ ಚಿತ್ರ. ಅದರ ನಟ್ಟನಡುವೆ ಮಂಡಿಯವರೆಗೆ ಕೆಸರಾಗಿ, ಬಾಯಿ ತೆರೆದು, ಮಜ್ಜಿಗೆಹುಲ್ಲು ಎತ್ತಿ ಹಿಡಿದ ಅವನೇ. ಸನಿತನಿಗೆ ನಿಜವಾಗಿ ಅಳು ಬಂತು. ಅಷ್ಟು ಚೆನ್ನಾಗಿತ್ತು ಚಿತ್ರ.

ಥವೀ ಇಣುಕಿ ನೋಡಿ ನಗು ನಿಲ್ಲಿಸಿದ. "ಎಮ್ಮೆ ಇಳೀತು," ಎಂದ. "ಸಾರ್, ಇದನ್ನ ಈಗ್ಲೇ ನನಗೆ ಕಳಿಸಿ. ಬೆಳಿಗ್ಗೆ ಮುದ್ರಣ. ಕೆಳಗೆ ನಿಮ್ಮ ಹೆಸರು ಹಾಕಿಸ್ತೀನಿ."

"ನನ್ನನ್ನ ಕತ್ತರಿಸಿ ಹಾಕ್ಬಹುದಲ್ಲ?" ಎಂದ ಸನಿತ್ ಕ್ಷೀಣವಾಗಿ.

"ಹೆಂಗಪ್ಪ ಕತ್ತರಿಸೋದು? ಚಂದ್ರ ನಿನ್ನ ತಲೆ ಮೇಲೇ ಕೂತಿದಾನೆ."

ಹೆಡ್‌ಮಾಸ್ತರಿಗೆ ಕಣ್ಣು ತುಂಬಿ ಬಂತು. ತೇಲಿಹೋದ ಹೆಸರು ಹನ್ನೆರಡು ಊರಿನ ಗೋಡೆಗೆ ಏರುವುದಿತ್ತು. ಅದನ್ನು ನೋಡಿದ ಮೇಲೆ ಬೇಡ ಎನ್ನಲು ಸನಿತನಿಗೆ ಬಾಯಿ ಬರಲಿಲ್ಲ.

ಊಟ ಶುರುವಾಗುವ ಮೊದಲೇ ಕೇಸೋನ್ ದೊಡ್ಡಮ್ಮ ಸುತ್ತೋಲೆಯ ಹಿಂಬದಿಯಲ್ಲಿ ಹೊಸ ಪಟ್ಟಿ ಬರೆಯತೊಡಗಿದಳು. ಬುಧವಾರ ಆರೋಗ್ಯ ಕೇಂದ್ರದವರ ಬೀಳ್ಕೊಡುಗೆ, ಶುಕ್ರವಾರ ಕಾಲ್ಚೆಂಡು ಪಂದ್ಯ, ಅದರಾಚೆ ವಾರ ದೋಣಿ ಸ್ಪರ್ಧೆ. ಎಲ್ಲ ಕಡೆಗೂ ಸನಿತನೇ ಹೋಗಿ ಹುಲ್ಲು ನೆಡಬೇಕು.

"ದೊಡ್ಡಮ್ಮ, ನಾನು ಹೋದಲ್ಲೆಲ್ಲ ಮಳೆ ಬರ್ದೇ ಇದ್ರೆ ನನಗೆ ಕಾಮನಬಿಲ್ಲು ಎಲ್ಲಿ ಸಿಗತ್ತೆ?"

"ಕ್ಯಾಲೆಂಡರಲ್ಲಿ ಇರತ್ತಲ್ಲ, ನೋಡ್ಕೊ," ಎಂದಳು ದೊಡ್ಡಮ್ಮ.

ಸನಿತ್ ನೀರಿನ ತೊಟ್ಟಿಯ ಮೆಟ್ಟಿಲ ಮೇಲೆ ಒಬ್ಬನೇ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ನಿರಮೋನ್ ಟೀಚರ್ ಒಂದು ಬಟ್ಟಲು ಸಾರು ತಂದು ಅವನ ಪಕ್ಕ ಇಟ್ಟು, ಒಂದು ಮೆಟ್ಟಿಲು ಬಿಟ್ಟು ಕೂತಳು. ಸಾರಿನಲ್ಲಿ ಮಜ್ಜಿಗೆಹುಲ್ಲಿನ ತುಂಡು ತೇಲುತ್ತಿತ್ತು.

"ಸೂರ್ಯ ಮುಖಕ್ಕೆ ಹೊಡೀತಾ ಇದ್ರೆ ಕಾಮನಬಿಲ್ಲು ಎಲ್ಲಿರತ್ತೆ?" ಎಂದಳು.

"ಬೆನ್ನ ಹಿಂದೆ, ಟೀಚರ್."

"ಮತ್ತೆ?"

"ಎಲ್ಲರೂ ನನ್ನನ್ನೇ ನೋಡ್ತಿದಾರೆ ಅಂದ್ಕೊಂಡೆ."

"ಒಬ್ಬರು ಬಿಟ್ರೆ ಯಾರೂ ನೋಡ್ತಿರ್ಲಿಲ್ಲ," ಎಂದಳು ನಿರಮೋನ್ ಟೀಚರ್. "ಭಾಷಣ ಚೆನ್ನಾಗಿತ್ತು," ಎಂದೂ ಸೇರಿಸಿದಳು.

ಸನಿತ್ ಬಟ್ಟಲು ಕೈಗೆತ್ತಿಕೊಂಡ. ಎಷ್ಟೋ ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದ ಮಾತು ತೆಗೆದ. "ಟೀಚರ್, ನಾಳೆ ಹುಣ್ಣಿಮೆ. ಸಂಜೆ ನೀವು ಬಿಡುವಾಗಿದ್ರೆ..."

ಬಯಲೆಲ್ಲ ಗುಡುಗುವಂತೆ ಮೈಕು ಕೂಗಿತು. ಈ ಸಲ ದನಿ ಕೇಸೋನ್ ದೊಡ್ಡಮ್ಮನದು.

"ಏ ಸನಿತ್! ಟೀಚರ್ ಪಕ್ಕದಿಂದ ಎದ್ದು ಬಾ! ಮಳೆಗಾಲ ಮುಗಿಯೋವರೆಗೂ ನಿನಗೆ ಅದೆಲ್ಲ ಇಲ್ಲ! ಬುಧವಾರ ಕಾರ್ಯಕ್ರಮ ಇದೆ!"

ಮುನ್ನೂರು ಜನ ಊಟ ನಿಲ್ಲಿಸಿ, ಗದ್ದ ಎತ್ತಿ ಮೆಟ್ಟಿಲ ಕಡೆಗೆ ತೋರಿಸಿದರು.

ಸನಿತ್ ಬಟ್ಟಲು ಕೆಳಗಿಟ್ಟು ಎದ್ದ. ಮೆಟ್ಟಿಲಿಳಿಯುವ ಮೊದಲು, ಯಾವುದಕ್ಕೂ ಇರಲಿ ಎಂದು, ಒಮ್ಮೆ ಹಿಂದೆ ತಿರುಗಿ ನೋಡಿದ. ಈ ಸಲ ಹಿಂದೆ ಏನೂ ಇರಲಿಲ್ಲ.